ಪಕ್ಕದ ಬೋರ್ಡಿನ ಹಿರಿಯರಿಗೆ ಒಂದು ಥ್ಯಾಂಕ್ಸ್

ಚೆಸ್ ಟೂರ್ನಿಯ ಬಿಡುವಿನಲ್ಲಿ ನನ್ನ ಜೊತೆ ಕೂತು ಫಿಷರ್–ಸ್ಪಾಸ್ಕಿ ಆಟವನ್ನು ಮತ್ತೆ ಆಡಿ ತೋರಿಸಿದ ಹಿರಿಯರೇ, ನಿಮ್ಮ ಹೆಸರು ಕೇಳಲೇ ಇಲ್ಲ. ತುಂಬಾ ಥ್ಯಾಂಕ್ಸ್.

ಅದು 1972ರ ರೇಕ್ಯಾವಿಕ್ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ 6ನೇ ಆಟ; ಫಿಷರ್ ಅವರದು ಬಿಳಿ, ಸ್ಪಾಸ್ಕಿಯವರದು ಕಪ್ಪು. ಸಾಮಾನ್ಯವಾಗಿ ಮೊದಲ ನಡೆಗೆ ಇ4 (ಅಂದರೆ ಕಾಲಾಳು ಇ4 ಮನೆಗೆ) ಆಡುತ್ತಿದ್ದ ಫಿಷರ್ ಅವತ್ತು ಸಿ4ರಿಂದ ಶುರು ಮಾಡಿದರು. ಆಟ ಕ್ವೀನ್ಸ್ ಗ್ಯಾಂಬಿಟ್ ಎಂಬ ಓಪನಿಂಗ್‌ಗೆ (ಆರಂಭದ ನಡೆಗಳ ಸರಣಿಗೆ) ತಿರುಗಿತು. ಓಪನಿಂಗ್ ಬಾಯಿಪಾಠ ಮಾಡಬೇಡ, ಮುಂದಿನ ನಡೆ ಮುಚ್ಚಿಟ್ಟು ಮೊದಲು ನೀನೇ ಹೇಳು ಎಂದಿರಿ. ಎಂಜಿನ್ (ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಆಮೇಲೆ ನೋಡಿದರಾಯ್ತು, ಅಲ್ವಾ?

18ನೇ ನಡೆಯಲ್ಲಿ ಬಿಳಿ ಕುದುರೆ ಡಿ4ಕ್ಕೆ ಬಂತು. ಸಿ5ರ ಕಾಲಾಳು ಅದನ್ನು ಸುಮ್ನೆ ಹೊಡೆಯಬಾರದಾ ಎಂದು ಕೇಳಿದೆ. ನೀವು ಮಾತಾಡದೆ ಎ3ಯ ಬಿಳಿ ರಾಣಿಯಿಂದ ಇ7ರ ಕಪ್ಪು ರಾಣಿವರೆಗೆ ಬೆರಳು ಎಳೆದಿರಿ. ಕಾಲಾಳು ಜರುಗಿದರೆ ಕಪ್ಪು ರಾಣಿಯೇ ಹೋಗುತ್ತದೆ! 13ನೇ ನಡೆಯಲ್ಲೇ ಬಿಳಿ ರಾಣಿ ಎ3ಗೆ ಬಂದು ಕೂತಿತ್ತು. ಆಟ ಮುಗಿದಾಗ ಸೋತ ಸ್ಪಾಸ್ಕಿಯೂ ಚಪ್ಪಾಳೆ ತಟ್ಟಿದರಂತೆ. ತಟ್ಟಬೇಕಾದ್ದೇ ಬಿಡಿ.

ಮತ್ತೆ ಸಿಕ್ಕರೆ ಇನ್ನೊಂದು ಕೇಳುವುದಿದೆ. 20ನೇ ನಡೆಯಲ್ಲಿ ಬಿಳಿ ಇ4 ಆಡಿದಾಗ ಸ್ಪಾಸ್ಕಿ ಸಿ4ನ್ನು ಕಾಯುತ್ತಿದ್ದ ಡಿ5ರ ಕಾಲಾಳನ್ನು ಡಿ4ಕ್ಕೆ ತಳ್ಳಿದ್ದು ಯಾಕೆ? ಸಿ4 ಮನೆಯನ್ನು ಬಿಳಿ ಬಿಷಪ್‌ಗೆ ಬಿಟ್ಟುಕೊಟ್ಟ ಹಾಗಾಯ್ತಲ್ಲ?