ಅಪ್ಪನ ಕಿಡ್ನಿ ಉಳಿಸಿಕೊಟ್ಟವರಿಗೆ

ಅಪ್ಪನ ರಿಪೋರ್ಟ್ ಬಂತು. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಹೋದ ವರ್ಷ ಇದ್ದಲ್ಲೇ ನಿಂತಿದೆ, ಮೂತ್ರದಲ್ಲಿ ಪ್ರೋಟೀನ್ ಕಮ್ಮಿಯಾಗಿದೆ. ಸದ್ಯಕ್ಕೆ ಡಯಾಲಿಸಿಸ್ ಮಾತಿಲ್ಲ. ಸುಮಾರು ಜನ ಕೇಳುತ್ತಿದ್ದಿರಿ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನಮ್ಮ ಉಪಕೇಂದ್ರದ ಸಿಸ್ಟರ್‌ಗೆ. ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಮನೆಗೇ ಬಂದು ಬಿಪಿ ನೋಡಿದರು. 180/110! ಅಪ್ಪನಿಗೆ ತಲೆನೋವಿಲ್ಲ, ತಲೆಸುತ್ತಿಲ್ಲ. "ನಿಮ್ಮ ಮೆಷಿನ್ನೇ ಸರಿ ಇಲ್ಲ" ಅಂದರು. ಸಿಸ್ಟರ್ ಬಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂರಿಸಿ ಮತ್ತೆ ನೋಡಿದರು, ತೀರ್ಥಹಳ್ಳಿಗೆ ಕಳಿಸಿದರು.

ಅಲ್ಲಿನ ಡಾಕ್ಟರ್ ಬರೀ ಬಿಪಿ ಮಾತ್ರೆ ಕೊಟ್ಟು ಕಳಿಸಬಹುದಿತ್ತು. ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರುತ್ತಿದೆಯಾ ಎಂಬ ಟೆಸ್ಟನ್ನೂ ಬರೆದರು. ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಅದರಲ್ಲೇ ಗೊತ್ತಾಗಿದ್ದು. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಸೋಸುಕಗಳಿರುತ್ತವಂತೆ, ಎಲ್ಲವೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಗೊಂಚಲು. ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಪಾಲು ಇಲ್ಲಿಗೇ ಬರುತ್ತದೆ. ವರ್ಷಗಟ್ಟಲೆ ಒತ್ತಡ ಜಾಸ್ತಿ ಇದ್ದರೆ ಸಣ್ಣ ನಾಳಗಳ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಸೋಸುಕಗಳು ಗಾಯವಾಗಿ ಪ್ರೋಟೀನ್ ಸೋರುತ್ತದೆ. ಸೊರಗಿದ ಕಿಡ್ನಿಗೆ ಉಪ್ಪು, ನೀರು ಹೊರಹಾಕಲು ಆಗುವುದಿಲ್ಲ. ಜೊತೆಗೆ ರೆನಿನ್ ಅನ್ನೋ ರಾಸಾಯನಿಕ ಬಿಡುಗಡೆ ಮಾಡಿ ಬಿಪಿಯನ್ನು ಇನ್ನೂ ಏರಿಸುತ್ತದೆ. ಅಪ್ಪನಿಗೆ ಮೊದಲು ಬಂದಿದ್ದು ಯಾವುದು, ಬಿಪಿಯಾ ಕಿಡ್ನಿ ತೊಂದರೆಯಾ? "ಈಗ ಹೇಳೋದು ಕಷ್ಟ" ಅಂದರು ಡಾಕ್ಟರ್. ಆ ನೇರ ಮಾತು ನನಗೆ ಇಷ್ಟವಾಯಿತು.

ಟೆಲ್ಮಿಸಾರ್ಟನ್ ಅನ್ನೋ ಮಾತ್ರೆ ಶುರುವಾಯಿತು. ಅದು ಬಿಪಿಯನ್ನೂ ಇಳಿಸುತ್ತದೆ, ಪ್ರೋಟೀನ್ ಸೋರಿಕೆಯನ್ನೂ ತಗ್ಗಿಸುತ್ತದೆ. ಶುರುವಿನಲ್ಲಿ ಕ್ರಿಯಾಟಿನಿನ್ ಚೂರು ಏರಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಕೂಡ ಏರಬಹುದು, ಅದನ್ನು ನೋಡುತ್ತಿರಬೇಕು ಎಂದು ಮೊದಲೇ ಹೇಳಿದ್ದರಿಂದ ನಾವು ಗಾಬರಿಯಾಗಲಿಲ್ಲ. ನೆಂಟರು ಪ್ರೀತಿಯಿಂದ ತಂದ 'ಬಿಪಿ ಉಪ್ಪ'ನ್ನೂ ಡಾಕ್ಟರ್ ಬೇಡ ಅಂದರು. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ.

ಮೆಡಿಕಲ್ ಶಾಪಿನ ಗೆಳೆಯನಿಗೆ ವಿಶೇಷ ಥ್ಯಾಂಕ್ಸ್. ಕಿಡ್ನಿಗೆ ಹಾನಿ ಮಾಡಬಲ್ಲ ನೋವಿನ ಮಾತ್ರೆ ಡೈಕ್ಲೋಫೆನಾಕ್ ಅನ್ನು ಸೊಂಟನೋವಿಗೆ ಕೇಳಿದಾಗಲೆಲ್ಲ ಅಪ್ಪನನ್ನು ಬರಿಗೈಲಿ ಕಳಿಸಿದ್ದಾನೆ, ಬೈಸಿಕೊಂಡೂ ಇದ್ದಾನೆ.

ಅಮ್ಮನ ಬಗ್ಗೆ ಏನು ಹೇಳಲಿ. ದಿನಕ್ಕೆ 5 ಗ್ರಾಂ ಉಪ್ಪು ಅಂದರೆ ಒಂದು ಟೀ ಚಮಚ. ಮಲೆನಾಡಿನ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸುವುದು ಸಣ್ಣ ಮಾತಾ? ಅಪ್ಪ ಇವತ್ತಿಗೂ ಗೊಣಗುತ್ತಾರೆ.

ಕಿಡ್ನಿಯ ದೊಡ್ಡ ರಕ್ತನಾಳವೇ ಕಟ್ಟಿಕೊಂಡಿದೆಯಾ ಎಂದು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಲು ಶಿವಮೊಗ್ಗಕ್ಕೆ ಹೋಗಬೇಕಿತ್ತು. ಪುಣ್ಯಕ್ಕೆ ಅದೇನೂ ಇರಲಿಲ್ಲ. ಜಡಿಮಳೆಯಲ್ಲಿ ಕರೆದುಕೊಂಡು ಹೋದ ಪಕ್ಕದ ಮನೆಯ ಅಣ್ಣ ಡೀಸೆಲ್ ದುಡ್ಡೂ ಮುಟ್ಟಲಿಲ್ಲ. ಅಣ್ಣಾ, ಈ ಸಲ ಮಂಡಿಗೆ ನಿಮ್ಮ ಅಡಿಕೆ ಮೂಟೆ ನಮ್ಮ ಪಿಕಪ್ಪಲ್ಲೇ ಹೋಗಬೇಕು. ಬೇಡ ಅನ್ನಬೇಡಿ.