ಒಂದು ಪಾಳು ಗಣಿ ಎರಡು ದಿನ ಬೇಕು: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಶಹಾಬಾದ್ ಸುತ್ತಮುತ್ತ ಕಲ್ಲು ತೆಗೆದು ಬಿಟ್ಟ ಫರ್ಸಿ (ಹಾಸುಗಲ್ಲು) ಗಣಿಗಳಲ್ಲಿ ಒಂದನ್ನು ಬರುವ ಫೆಬ್ರುವರಿಯಲ್ಲಿ ಎರಡು ದಿನಗಳ ಮಟ್ಟಿಗೆ ನಮಗೆ ಬಿಟ್ಟುಕೊಡಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಅಲ್ಲಿ ನಿಂತಿರುವ ನೀರಿಗೆ ನಾವೇ ಕಟ್ಟಿದ ಮೂರು ಸಣ್ಣ ಜಲಾಂತರ್ಗಾಮಿಗಳನ್ನು ತಮ್ಮ ಆಡಳಿತದ ಸಮ್ಮುಖದಲ್ಲಿ ಇಳಿಸುವ ಕೂಟ ನಡೆಸಬೇಕೆಂದಿದ್ದೇವೆ. ಒಂದು ಕಲಬುರಗಿಯದು, ಒಂದು ಸೇಡಂನದು, ಇನ್ನೊಂದು ಬೀದರ್‌ನಿಂದ ಬರುತ್ತದೆ. ಕಟ್ಟಿದವರು ವೆಲ್ಡರ್‌ಗಳು, ಐಟಿಐ ಕಲಿತ ಹುಡುಗರು, ಪಂಪ್‌ಸೆಟ್ ರಿಪೇರಿ ಮಾಡುವವರು. ಮೂರೂ ಒಬ್ಬೊಬ್ಬರೇ ಕೂರುವಂಥವು.

ಅರ್ಜಿ ಕೊಟ್ಟಾಗಿದೆ. ಒಂದು ಕಚೇರಿಯಲ್ಲಿ ಗಣಿ ತಮ್ಮದು, ನೀರಿನ ವಿಷಯ ತಮ್ಮದಲ್ಲ ಎಂದರು. ಇನ್ನೊಂದರಲ್ಲಿ ದೋಣಿಯಾದರೆ ನೋಡಬಹುದಿತ್ತು ಎಂದರು. ಬೇಡವೆಂದು ಯಾರೂ ಬರೆದು ಕೊಡಲಿಲ್ಲ, ಆಗಲಿ ಎಂದೂ ಬರೆದು ಕೊಡಲಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಗಣಿ ಇಲಾಖೆ, ಅಗ್ನಿಶಾಮಕ ದಳ, ಪೊಲೀಸ್, ಆರೋಗ್ಯ ಇಲಾಖೆ ಎಲ್ಲರನ್ನೂ ಒಂದೇ ಸಭೆಗೆ ಕರೆಯಬಲ್ಲವರು ತಾವೊಬ್ಬರೇ ಆದ್ದರಿಂದ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಜಲಾಂತರ್ಗಾಮಿ ಎಂದ ಕೂಡಲೇ ತಮಗೆ ಟೈಟನ್ ನೆನಪಾಗುತ್ತದೆ. ಆಗಲೇಬೇಕು. 2023ರ ಜೂನ್ 18ರಂದು ಟೈಟಾನಿಕ್ ಅವಶೇಷ ನೋಡಲು ಅಟ್ಲಾಂಟಿಕ್‌ನಲ್ಲಿ ಇಳಿದ ಆ ಯಂತ್ರ ನಜ್ಜುಗುಜ್ಜಾಗಿ ಒಳಗಿದ್ದ ಐವರೂ ಸತ್ತರು. ಆ ಸಾವುಗಳನ್ನು ತಡೆಯಬಹುದಾಗಿತ್ತು ಎಂದು ಅಮೆರಿಕದ ಕರಾವಳಿ ಕಾವಲು ಪಡೆಯ ತನಿಖೆ 2025ರಲ್ಲಿ ಹೇಳಿತು. ಅದು ಸುಮಾರು 3,800 ಮೀಟರ್ ಆಳಕ್ಕೆ ಹೊರಟಿತ್ತು, ನಾವು ಕೇಳುತ್ತಿರುವುದು 6 ಮೀಟರ್. ಆದರೆ ಆಳದ ವ್ಯತ್ಯಾಸ ತೋರಿಸಿ ತಮ್ಮನ್ನು ಒಪ್ಪಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಆರು ಮೀಟರಿನಲ್ಲಿಯೂ ಮನುಷ್ಯ ಸಾಯುತ್ತಾನೆ. ಟೈಟನ್ ಯಾವ ಮಾನ್ಯತಾ ಸಂಸ್ಥೆಯ ತಪಾಸಣೆಗೂ ಒಳಪಟ್ಟು ಪ್ರಮಾಣಪತ್ರ ಪಡೆದಿರಲಿಲ್ಲ. ನಾವು ತಮ್ಮ ಬಾಗಿಲಿಗೆ ಬಂದಿರುವುದೇ ತಪಾಸಣೆ ಮಾಡಿ ಎಂದು ಕೇಳಲು.

ನಿಜವಾದ ಅಪಾಯ ಎಲ್ಲಿದೆ ಎಂದು ಹೇಳುತ್ತೇನೆ. ಇಂಥ ಯಂತ್ರ ಕಟ್ಟುವ ಹುಚ್ಚು ಒಮ್ಮೆ ಹಿಡಿದರೆ ಬಿಡುವಂಥದ್ದಲ್ಲ. ಅಮೆರಿಕದ ನಿವೃತ್ತ ನೌಕಾಧಿಕಾರಿ ಜಾರ್ಜ್ ಕಿಟ್ರೆಡ್ಜ್ ಸಣ್ಣ ಜಲಾಂತರ್ಗಾಮಿಗಳ ನಕ್ಷೆಗಳನ್ನು ಮಾಡಿದರು. ಕೆ-250, ಕೆ-350 ಎಂಬ ಅವುಗಳ ಹೆಸರಿನಲ್ಲಿರುವುದು ಇಳಿಯಬಹುದಾದ ಆಳ, ಅಡಿಗಳಲ್ಲಿ. ಅವನ್ನು ನೋಡಿ ಮನೆಯ ಹಿತ್ತಲಲ್ಲಿ ಕಟ್ಟಿದವರು ಅಲ್ಲಿ ಹಲವರಿದ್ದಾರೆ. ಇವತ್ತು ಅಂಥ ಮಾಹಿತಿ ಸೇಡಂನ ಹುಡುಗನ ಮೊಬೈಲ್‌ಗೂ ಸಿಗುತ್ತದೆ. ಅನುಮತಿ ಸಿಗದಿದ್ದರೆ ಅವನು ಕಟ್ಟುವುದನ್ನು ನಿಲ್ಲಿಸುವುದಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ, ಒಬ್ಬ ಗೆಳೆಯನನ್ನು ಕರೆದುಕೊಂಡು, ಕಾಗಿಣಾ ನದಿಯ ಯಾವುದೋ ಮಡುವಿಗೆ ಹೋಗುತ್ತಾನೆ. ಕೆಳಗೆ ಸಿಕ್ಕಿಕೊಂಡರೆ ಮೇಲಿರುವ ಗೆಳೆಯ ಏನು ಮಾಡಬಲ್ಲ? ಐವತ್ತು ಸೆಂಟಿಮೀಟರ್ ಅಗಲದ ದುಂಡು ಮುಚ್ಚಳದ ಮೇಲೆ 6 ಮೀಟರ್ ಆಳದಲ್ಲಿ ಸುಮಾರು 1,200 ಕಿಲೋ ಭಾರ ಬೀಳುತ್ತದೆ. ಒಳಗಿನವನು ಎಷ್ಟೇ ಗಟ್ಟಿಗನಾದರೂ ಅದನ್ನು ತಳ್ಳಿ ತೆರೆಯಲಾರ. ಒಳಗೆ ನೀರು ಬಿಟ್ಟುಕೊಂಡು ಒತ್ತಡ ಸಮವಾದ ಮೇಲಷ್ಟೇ ಅದು ತೆರೆಯುತ್ತದೆ, ಅಲ್ಲಿಯವರೆಗೆ ಗಾಬರಿಯಾಗದೆ ಕೂರಲು ಅಭ್ಯಾಸ ಬೇಕು. ಹತ್ತಾರು ಜನ, ದೋಣಿ, ಕ್ರೇನ್, ಮುಳುಗುಗಾರರು ಇದ್ದಲ್ಲಿ ಇಳಿಯುವುದೇ ಇದಕ್ಕೆ ಪರಿಹಾರ. ಈ ಕೂಟ ಬೇಕೆಂದು ನಾನು ಹಟ ಹಿಡಿದಿರುವುದು ಇದೊಂದೇ ಕಾರಣಕ್ಕೆ.

ಗಣಿಯೇ ಏಕೆ ಎಂದು ಒಬ್ಬ ಅಧಿಕಾರಿ ಕೇಳಿದರು. ಭೀಮೆಯಲ್ಲಿ ಮೊಸಳೆಗಳಿವೆ, ಹರಿವಿದೆ, ಮೀನು ಹಿಡಿಯುವವರ ಬಲೆಗಳಿವೆ. ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡರೆ ಅಲ್ಲಿಗೆ ಮುಗಿಯಿತು, ಬಲೆ ಕಳೆದುಕೊಂಡವರಿಗೂ ನಷ್ಟ. ಬೆಣ್ಣೆತೊರಾ ಜಲಾಶಯದ ನೀರು ಕಲಬುರಗಿ ನಗರಕ್ಕೆ ಕುಡಿಯಲು ಬರುತ್ತದೆ, ಅದಕ್ಕೆ ಒಂದು ಹನಿ ಗ್ರೀಸ್ ಕೂಡ ಸೇರಬಾರದು. ಅಣೆಕಟ್ಟಿನ ತೂಬುಗಳ ಬಳಿ ಇನ್ನೊಂದು ಅಪಾಯ: ಗೇಟಿನ ಆಚೆಗೆ ನೀರು ಕಡಿಮೆ ಇದ್ದರೆ ಈಚೆಗಿರುವುದನ್ನೆಲ್ಲ ತೂಬು ತನ್ನತ್ತ ಎಳೆದು ಒತ್ತಿ ಹಿಡಿಯುತ್ತದೆ, ಅನುಭವಿ ಮುಳುಗುಗಾರರೂ ಅಲ್ಲಿಂದ ಬಿಡಿಸಿಕೊಳ್ಳಲಾರರು. ಪಾಳು ಗಣಿಯಲ್ಲಿ ಇವ್ಯಾವುವೂ ಇಲ್ಲ. ನಾವು ಆರಿಸಿದ ಗಣಿಯಲ್ಲಿ ಹಗ್ಗಕ್ಕೆ ಗುಂಡು ಕಟ್ಟಿ ಅಳೆದಿದ್ದೇವೆ, ಎಲ್ಲಿಯೂ ಹತ್ತು ಮೀಟರ್ ದಾಟುವುದಿಲ್ಲ. ಮಳೆಗಾಲದ ಕೆಸರು ತಳಕ್ಕೆ ಕೂತು ಫೆಬ್ರುವರಿಯ ಹೊತ್ತಿಗೆ ನೀರು ತಿಳಿಯಾಗಿರುತ್ತದೆ. ತೊಗರಿ ರಾಶಿ ಮುಗಿದು ನಮ್ಮವರಿಗೂ ಬಿಡುವಾಗಿರುತ್ತದೆ. ಅದಕ್ಕಿಂತ ತಡವಾದರೆ ಶರಣಬಸವೇಶ್ವರ ಜಾತ್ರೆ, ಪೊಲೀಸರಿಗೆ ಪುರುಸೊತ್ತಿರುವುದಿಲ್ಲ. ಆಮೇಲೆ ನಮ್ಮ ಬಿಸಿಲು. ನೀರಿಗಿಳಿಯುವ ಮುನ್ನ ದಡದಲ್ಲಿ ಕಾಯುವ ಉಕ್ಕಿನ ಪೆಟ್ಟಿಗೆಯಲ್ಲಿ ಏಪ್ರಿಲ್‌ನಲ್ಲಿ ಯಾರನ್ನೂ ಕೂರಿಸಲು ನಾನು ಒಪ್ಪುವುದಿಲ್ಲ.

ಶಹಾಬಾದ್‌ಗೂ ಈ ಕೆಲಸಕ್ಕೂ ಇನ್ನೊಂದು ನಂಟಿದೆ. ಎಸಿಸಿ ವಿಕರ್ಸ್ ಬ್ಯಾಬ್‌ಕಾಕ್ ಎಂಬ ಹೆಸರಿದ್ದ ಕಾಲದಿಂದ ಈ ಊರಿನಲ್ಲಿ ಬಾಯ್ಲರ್ ತಯಾರಿಸುವ ದೊಡ್ಡ ಕಾರ್ಖಾನೆಯಿತ್ತು. ಒತ್ತಡ ತಡೆಯುವ ಉಕ್ಕನ್ನು ಬಗ್ಗಿಸಿ, ಬೆಸೆದು, ಪರೀಕ್ಷಿಸಿ ಬದುಕು ಕಟ್ಟಿಕೊಂಡ ಹಿರಿಯರು ಇಂದಿಗೂ ಇಲ್ಲಿದ್ದಾರೆ. ಅವರಲ್ಲಿ ಕೆಲವರು ನಮ್ಮ ಹುಡುಗರಿಗೆ ಪಾಠ ಹೇಳಿದ್ದಾರೆ. ಬಾಯ್ಲರ್‌ಗೆ ಒತ್ತಡ ಒಳಗಿನಿಂದ. ಸಿಲಿಂಡರ್ ಸ್ವಲ್ಪ ಸೊಟ್ಟಗಿದ್ದರೆ ಆ ಒತ್ತಡ ಅದನ್ನು ದುಂಡಗೆ ಮಾಡಲು ನೋಡುತ್ತದೆ. ಜಲಾಂತರ್ಗಾಮಿಗೆ ಒತ್ತಡ ಹೊರಗಿನಿಂದ; ಸೊಟ್ಟ ಇನ್ನಷ್ಟು ಸೊಟ್ಟವಾಗಿ, ಸೋರಿಕೆಯ ಮುನ್ಸೂಚನೆಯನ್ನೂ ಕೊಡದೆ ಒಮ್ಮೆಗೇ ಒಳಕ್ಕೆ ಮಡಚಿಕೊಳ್ಳುತ್ತದೆ. ಆದ್ದರಿಂದ ತಗಡಿನ ದಪ್ಪದಷ್ಟೇ ಸಿಲಿಂಡರ್ ದುಂಡಗಿರುವುದೂ ಮುಖ್ಯ. ಒಬ್ಬ ಹಿರಿಯರು ಬೀದರ್ ತಂಡದ ಸಿಲಿಂಡರನ್ನು ಸುತ್ತಲೂ ಅಳೆದು, ಒಂದು ಕಡೆ ಬೆರಳು ಇಟ್ಟು, ಇದನ್ನು ಕತ್ತರಿಸಿ ಮತ್ತೆ ಮಾಡಿ ಎಂದರು. ಮಾಡಿದರು. ಇಂಥ ವಿದ್ಯೆ ಈ ಹಿರಿಯರ ಜೊತೆಗೇ ಮಣ್ಣಾಗುವುದನ್ನು ನೋಡುತ್ತ ಕೂರಲು ನನಗೆ ಆಗುವುದಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸಲು ಮತ್ಸ್ಯ-6000 ಕಟ್ಟುತ್ತಿದೆ. ಅಂಥ ಕಡೆ ಕೆಲಸ ಕೇಳಿಕೊಂಡು ನಮ್ಮ ಜಿಲ್ಲೆಯ ಹುಡುಗರು ಹೋಗುವ ದಿನ ಬರಲಿ ಎಂಬುದು ನನ್ನ ಆಸೆ.

ಕೂಟ ನಡೆಯುವ ರೀತಿ ಹೀಗೆ. ಮೊದಲ ದಿನ ಯಾರೂ ಒಳಗೆ ಕೂರುವುದಿಲ್ಲ. ಪ್ರತಿ ಯಂತ್ರವನ್ನೂ ಖಾಲಿಯಾಗಿ, ಮನುಷ್ಯನ ತೂಕಕ್ಕೆ ಮರಳು ಚೀಲ ಇಟ್ಟು, ಕ್ರೇನಿನ ಹಗ್ಗದಲ್ಲಿ 9 ಮೀಟರಿಗೆ ಇಳಿಸಿ ಒಂದು ಗಂಟೆ ಬಿಡುತ್ತೇವೆ. ಅಂದರೆ ಮರುದಿನದ ಆಳದ ಒಂದೂವರೆ ಪಟ್ಟು. ಹನಿ ನೀರು ಕಂಡರೂ ಅದು ಮರುದಿನ ದಡದಲ್ಲೇ ಉಳಿಯುತ್ತದೆ. ಎರಡನೆಯ ದಿನ ಒಂದಾದ ಮೇಲೆ ಒಂದು, 6 ಮೀಟರ್, 20 ನಿಮಿಷ. ಮೇಲೆ ತೇಲುವ ಬುರುಡೆ ಕಟ್ಟಿದ ಹಗ್ಗ ಯಂತ್ರದ ಜೊತೆಗೇ ಇರುತ್ತದೆ. ಕರೆಂಟು ಹೋದರೂ ಕೈಯಿಂದ ಹಿಡಿಕೆ ತಿರುಗಿಸಿದರೆ ತಳದ ಸೀಸದ ಗಟ್ಟಿ ಕಳಚಿ ಬಿದ್ದು ಯಂತ್ರ ತಾನಾಗಿ ಮೇಲೇಳುತ್ತದೆ.

ಇಪ್ಪತ್ತು ನಿಮಿಷ ಎಂದದ್ದಕ್ಕೆ ಲೆಕ್ಕವಿದೆ. ಸುಮ್ಮನೆ ಕೂತ ಮನುಷ್ಯ ಗಂಟೆಗೆ ಹೆಚ್ಚುಕಡಿಮೆ 20 ಲೀಟರ್ ಇಂಗಾಲದ ಡೈ ಆಕ್ಸೈಡ್ ಬಿಡುತ್ತಾನೆ. ಒಳಗಿರುವುದು ಸಾವಿರ ಲೀಟರ್ ಗಾಳಿ. ಗಂಟೆಯೊಳಗೆ ಆ ಅನಿಲ ಗಾಳಿಯ ಶೇ 2ಕ್ಕೆ ಏರುತ್ತದೆ, ಇನ್ನೂ ಏರಿದರೆ ತಲೆನೋವು, ಮಂಪರು, ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಆಮ್ಲಜನಕ ಮುಗಿಯುವುದಕ್ಕಿಂತ ಬಹಳ ಮೊದಲೇ ಇದು ಕೊಲ್ಲುತ್ತದೆ. ಶಸ್ತ್ರಚಿಕಿತ್ಸೆಯ ಅರಿವಳಿಕೆ ಯಂತ್ರಗಳಲ್ಲಿ ಬಳಸುವ ಸೋಡಾ ಲೈಮ್ ಅದನ್ನು ಹೀರಿಕೊಳ್ಳುತ್ತದೆ, ನಾವೂ ಅದನ್ನೇ ಇಟ್ಟಿದ್ದೇವೆ. ಅದು ಕೆಲಸ ಮಾಡದಿದ್ದರೂ ಅಪಾಯ ಬರುವ ಮೊದಲೇ ಮೇಲೆ ಬಂದಿರಬೇಕು ಎಂಬುದಕ್ಕೆ ಆ ಅವಧಿ. ಬ್ಯಾಟರಿಗಳನ್ನು ಮುಚ್ಚಳ ತೆರೆದಿಟ್ಟೇ ಚಾರ್ಜ್ ಮಾಡುತ್ತೇವೆ, ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್ ಒಳಗೆ ಕೂಡಿಕೊಂಡರೆ ಒಂದು ಕಿಡಿ ಸಾಕು.

ನೀರಿನೊಳಗಿನವರಿಗಿಂತ ನನಗೆ ದಡದ ಜನರದ್ದೇ ಹೆಚ್ಚು ಚಿಂತೆ. ಫರ್ಸಿ ಗಣಿಯ ಅಂಚು ನೆಟ್ಟಗೆ ಕಡಿದ ಗೋಡೆ. ಇಳಿಜಾರಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಬೇಸಿಗೆಯಲ್ಲಿ ಇಂಥ ಹೊಂಡಗಳಿಗೆ ಈಜಲು ಹೋದ ಮಕ್ಕಳ ಸುದ್ದಿ ಓದಿದಾಗಲೆಲ್ಲ ಕರುಳು ಕಿವುಚುತ್ತದೆ. ಆದ್ದರಿಂದಲೇ ಸ್ಥಳದ ಹೆಸರು, ದಿನಾಂಕ ಈ ಪತ್ರದಲ್ಲಿ ಬರೆದಿಲ್ಲ. ಸರ್ವೆ ನಂಬರ್ ಅರ್ಜಿಯಲ್ಲಿದೆ. ಅಂಚಿನಿಂದ ದೂರಕ್ಕೆ ಬ್ಯಾರಿಕೇಡ್ ಹಾಕಿಸಿ, ಪೊಲೀಸರನ್ನು ನಿಲ್ಲಿಸಿ. ಅಗ್ನಿಶಾಮಕ ದಳದವರು ತಮ್ಮ ದೋಣಿ, ಮುಳುಗುಗಾರರೊಂದಿಗೆ ಬಂದರೆ ಆ ಎರಡು ದಿನ ಗಣಿ ಹೊಂಡದ ರಕ್ಷಣಾ ಕಾರ್ಯದ ತಾಲೀಮು ಅವರಿಗೂ ಆಗುತ್ತದೆ. ಕೂಟ ಮುಗಿದ ಮೇಲೆ ಆ ಹೊಂಡಕ್ಕೆ ಬೇಲಿ ಹಾಕುವ ಖರ್ಚು ನಮ್ಮದು, ಇದನ್ನು ಮುಚ್ಚಳಿಕೆಯಲ್ಲಿ ಬರೆದುಕೊಡುತ್ತೇವೆ.

ತಮ್ಮಿಂದ ಕೇಳುವುದು ಹಣವಲ್ಲ. ಕ್ರೇನ್ ಬಾಡಿಗೆ, ವಿಮೆ, ಊಟ ಎಲ್ಲವೂ ನಮ್ಮದೇ. ಪಿಡಿಎ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರಿಗೆ ತಾವೊಂದು ಪತ್ರ ಬರೆದು ಮೂರೂ ಯಂತ್ರಗಳ ಬೆಸುಗೆ, ದಪ್ಪ, ದುಂಡುತನ, ಕಿಟಕಿಯ ಅಕ್ರಿಲಿಕ್ ಪರಿಶೀಲಿಸಲು ಹೇಳಿ. ಅವರು ಬೇಡವೆಂದ ಯಂತ್ರ ಲಾರಿ ಹತ್ತುವುದಿಲ್ಲ. ಒಂದು ಆಂಬುಲೆನ್ಸ್, ಅದರಲ್ಲಿ ಆಮ್ಲಜನಕ, ಒಬ್ಬ ವೈದ್ಯರು ಇರಲಿ. ಜನವರಿ ಮುಗಿಯುವುದರೊಳಗೆ ಒಂದು ಸಭೆ ಕರೆಯಿರಿ.

ಆಗುವುದಿಲ್ಲ ಎಂಬುದೇ ತಮ್ಮ ತೀರ್ಮಾನವಾದರೆ ಕಾರಣಗಳನ್ನು ಬರಹದಲ್ಲಿ ಕೊಡಿ, ಅವನ್ನು ಸರಿಪಡಿಸಿಕೊಂಡು ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇವೆ. ನಕ್ಷೆಗಳು, ಉಕ್ಕಿನ ಪರೀಕ್ಷಾ ಪತ್ರಗಳು, ಮೂವರು ಚಾಲಕರ ವೈದ್ಯಕೀಯ ಪ್ರಮಾಣಪತ್ರಗಳು ಅರ್ಜಿಯ ಜೊತೆಗಿವೆ. ಕಲಬುರಗಿಯ ಯಂತ್ರ ನಮ್ಮ ಕಾರ್ಯಾಗಾರದಲ್ಲೇ ಇದೆ. ತಮ್ಮ ಅಧಿಕಾರಿಗಳು ಭಾನುವಾರ ಸೇರಿ ಯಾವ ದಿನ ಬಂದರೂ ಬಿಚ್ಚಿ ತೋರಿಸುತ್ತೇವೆ.

ತಮ್ಮ ವಿಶ್ವಾಸಿ,
ಒಬ್ಬ ಫ್ಯಾಬ್ರಿಕೇಷನ್ ಕಾರ್ಯಾಗಾರದ ಮಾಲೀಕ
ಕಲಬುರಗಿ