ಜೂನ್ ಭಾನುವಾರಗಳ ಬಿಡುವು ಮತ್ತು ನಮ್ಮ ವೇದಿಕೆಯ ಹೊಸ ನಿಯಮ: ಗ್ರಾಹಕರಿಗೆ ಪತ್ರ

ದಾವಣಗೆರೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ನಮ್ಮ ವಾದ್ಯಗೋಷ್ಠಿಗೆ ಮುಂಗಡ ಕೊಟ್ಟು ತಾರೀಖು ಹಿಡಿದಿರುವವರಿಗೆ, ಹಿಂದೆ ಮದುವೆ, ಆರತಕ್ಷತೆ, ನಾಮಕರಣಗಳಿಗೆ ನಮ್ಮನ್ನು ಕರೆಸಿದ ಮನೆಗಳಿಗೆ, ಪ್ರತಿ ವರ್ಷ ತಪ್ಪದೆ ಕರೆಯುವ ಗಣೇಶೋತ್ಸವ ಸಮಿತಿಗಳಿಗೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ವ್ಯವಹಾರದ ಮಾತು ಮುಗಿಸುತ್ತೇನೆ. ಜೂನ್ ತಿಂಗಳ ಎಲ್ಲ ಭಾನುವಾರಗಳಂದು ಸಂಜೆ 4 ಗಂಟೆಯ ನಂತರ ನಮ್ಮ ತಂಡ ಯಾವ ಕಾರ್ಯಕ್ರಮಕ್ಕೂ ಬರುವುದಿಲ್ಲ. ಜುಲೈ 1 ಮತ್ತು 2ರಂದು ಇಡೀ ದಿನ ಬಿಡುವಿಲ್ಲ. ಆ ಸಂಜೆಗಳಿಗೆ ಮೊದಲೇ ಮುಂಗಡ ಕೊಟ್ಟಿದ್ದ ಎರಡು ಮನೆಯವರೊಂದಿಗೆ ಮಾತನಾಡಿ ಬೇರೆ ತಂಡ ಗೊತ್ತುಮಾಡಿಕೊಟ್ಟಿದ್ದೇವೆ. ದರದಲ್ಲಿ ಬಂದ ವ್ಯತ್ಯಾಸವನ್ನು ನಮ್ಮ ವಾದ್ಯ ಕಲಾವಿದರ ಸಹಕಾರ ಸಂಘವೇ ಭರಿಸಿದೆ. ಇದು ಈ ಒಂದು ತಿಂಗಳ ಮಟ್ಟಿಗಿನ ಬದಲಾವಣೆ.

ಎರಡನೆಯದು ಕಾಯಂ ಬದಲಾವಣೆ. ನಮ್ಮ ತಂಡದ ಯಾವ ಕಲಾವಿದರನ್ನೇ ಆಗಲಿ, ‘ಇವರು ವೇದಿಕೆಯ ಮೇಲೆ ಬೇಡ, ಉಳಿದವರು ಬನ್ನಿ’ ಎಂಬ ಕರಾರಿನ ಮೇಲೆ ಇನ್ನು ಮುಂದೆ ನಾವು ಕಾರ್ಯಕ್ರಮ ಒಪ್ಪಿಕೊಳ್ಳುವುದಿಲ್ಲ. ಬಂದರೆ ಎಲ್ಲರೂ ಬರುತ್ತೇವೆ, ಎಲ್ಲರೂ ವೇದಿಕೆಯ ಮೇಲೇ ಇರುತ್ತೇವೆ.

ಈ ಎರಡೂ ಬದಲಾವಣೆಗಳಿಗೆ ಕಾರಣ ಒಂದೇ. ಜುಲೈ 2ರ ಸಂಜೆ ಲೈಂಗಿಕ ಅಲ್ಪಸಂಖ್ಯಾತ ಸಮುದಾಯದ ಕಲಾವಿದರು ಮತ್ತು ನಮ್ಮ ಸಂಘದ ಸದಸ್ಯರು ಸೇರಿ ದಾವಣಗೆರೆಯಲ್ಲಿ ಒಂದು ಪ್ರೈಡ್ (ಆ ಸಮುದಾಯದ ಆತ್ಮಗೌರವದ ಆಚರಣೆ) ಸಂಗೀತ ಸಂಜೆ ನಡೆಸುತ್ತಿದ್ದೇವೆ. ಅದರ ತಾಲೀಮಿಗೆ ಭಾನುವಾರಗಳು ಬೇಕು. ಆ ತಾಲೀಮು ಶುರುವಾದ ಮೇಲೆ, ನಾವು ಇಷ್ಟು ವರ್ಷ ನಡೆಸಿಕೊಂಡು ಬಂದ ರೀತಿಯಲ್ಲಿಯೇ ಮುಂದುವರಿಯಲು ನಮ್ಮ ಮನಸ್ಸು ಒಪ್ಪಲಿಲ್ಲ.

ಆ ರೀತಿ ಏನೆಂಬುದನ್ನು ಬಿಡಿಸಿ ಹೇಳಬೇಕು. ನಿಮ್ಮಲ್ಲಿ ಬಹಳ ಮಂದಿ ಮೆಚ್ಚಿದ ನಮ್ಮ ಗಾಯಕಿಯೊಬ್ಬರು ಒಂಬತ್ತು ವರ್ಷಗಳಿಂದ ನಮ್ಮೊಂದಿಗಿದ್ದಾರೆ. ಅವರು ಮಂಗಳಮುಖಿ. ಯುಗಳಗೀತೆಗಳಲ್ಲಿ ಹೆಣ್ಣಿನ ಭಾಗ ಹಾಡುವವರು ಅವರೇ. ಕೆಲವು ವರ್ಷಗಳ ಹಿಂದೆ ಒಂದು ಆರತಕ್ಷತೆಯಲ್ಲಿ, ಇನ್ನೇನು ಕಾರ್ಯಕ್ರಮ ಶುರುವಾಗಬೇಕು, ಮನೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ‘ದನಿ ಚೆನ್ನಾಗಿದೆ ಎಂದು ಕೇಳಿದ್ದೇನೆ. ಆದರೆ ಬೀಗರು ಬಂದಿದ್ದಾರೆ, ವೇದಿಕೆಯ ಮೇಲೆ ಬೇಡ’ ಎಂದರು. ನಾನು ಎದುರು ಮಾತನಾಡಲಿಲ್ಲ. ಅಡುಗೆ ಪಾತ್ರೆಗಳನ್ನು ಪೇರಿಸಿಟ್ಟಿದ್ದ ಹಿಂದಿನ ಕೋಣೆಯವರೆಗೆ ಮೈಕಿನ ಕೇಬಲ್ ಎಳೆದೆವು. ಎಳೆದವನು ನಾನೇ. ಒಂದು ಕೊಪ್ಪರಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಕುಳಿತು ಅವರು ಎರಡೂವರೆ ಗಂಟೆ ಹಾಡಿದರು. ಮುಂದೆ ಕುಳಿತ ಜನ ಚಪ್ಪಾಳೆ ತಟ್ಟಿ, ಹಾಡುತ್ತಿರುವವರು ಯಾರೆಂದು ವೇದಿಕೆಯ ಮೇಲೆ ಹುಡುಕುತ್ತಿದ್ದರು. ಒಂದು ಮಗು ಧ್ವನಿವರ್ಧಕದ ಪೆಟ್ಟಿಗೆಯ ಹಿಂದೆ ಹೋಗಿ ಇಣುಕಿ ನೋಡಿತು.

ವಾಪಸ್ ಬರುವಾಗ ವ್ಯಾನಿನಲ್ಲಿ ಅವರು ಏನೂ ಹೇಳಲಿಲ್ಲ. ಮರುದಿನ ಎಂದಿನಂತೆ ತಾಲೀಮಿಗೆ ಬಂದರು. ಅದಾದ ಮೇಲೆ ಅಂಥ ಬೇಡಿಕೆ ಬಂದಾಗಲೆಲ್ಲ ಒಂದೋ ಅವರನ್ನು ಬಿಟ್ಟು ಹೋದೆವು, ಇಲ್ಲವೇ ಎಲ್ಲಾದರೂ ಮರೆಯಲ್ಲಿ ಕೂರಿಸಿದೆವು. ಗ್ರಾಹಕರ ಮನಸ್ಸು ನೋಯಿಸಬಾರದು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ತಪ್ಪು ಕೇಳಿದವರದಷ್ಟೇ ಅಲ್ಲ, ಒಪ್ಪಿಕೊಂಡ ನಮ್ಮದು ಹೆಚ್ಚು. ಆ ಗಾಯಕಿಯವರಲ್ಲಿ ಸಂಘದ ಸರ್ವಸದಸ್ಯರ ಸಭೆಯಲ್ಲಿ ಎಲ್ಲರೆದುರು ಕ್ಷಮೆ ಕೇಳಿದ್ದೇವೆ. ಆಗಿನ ದಿನಗಳನ್ನು ಕಂಡ ನೀವೂ ಇದನ್ನು ತಿಳಿದಿರಲಿ ಎಂದು ಇಲ್ಲಿಯೂ ಬರೆಯುತ್ತಿದ್ದೇನೆ.

ಇನ್ನೊಬ್ಬ ಸದಸ್ಯರು ಕ್ಲಾರಿಯೊನೆಟ್ ನುಡಿಸುತ್ತಾರೆ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ಹೊಂದುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ಮಾರನೆಯ ದಿನದ ಪತ್ರಿಕೆಯ ಮುಖಪುಟವನ್ನು ಎಂಟು ಮಡಿಕೆ ಮಾಡಿ, ವಾದ್ಯದ ಪೆಟ್ಟಿಗೆಯಲ್ಲಿ ರೀಡುಗಳನ್ನು ಇಡುವ ಸಣ್ಣ ಅರೆಯೊಳಗೆ ಅವರು ಇಟ್ಟುಕೊಂಡರು. ಅದನ್ನು ನನಗೆ ತೋರಿಸಿದ್ದು ಕಳೆದ ವರ್ಷ. ಅಷ್ಟು ವರ್ಷ ಒಂದೇ ವ್ಯಾನಿನಲ್ಲಿ ಊರೂರು ತಿರುಗಿದರೂ ನನಗೆ ಗೊತ್ತಿರಲಿಲ್ಲ. ಮಡಿಕೆಗಳಲ್ಲಿ ಅಕ್ಷರ ಅಳಿಸಿಹೋಗಿತ್ತು. ಅವರು ಜುಲೈ 2ರಂದು ನುಡಿಸುತ್ತಾರೆ. ಆದರೆ ಅವರ ಹೆಸರು ಎಲ್ಲಿಯೂ ಅಚ್ಚಾಗುವುದಿಲ್ಲ, ಅದು ಅವರ ಇಚ್ಛೆ. ಗಾಯಕಿಗೆ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರು ಬೇಕು, ಇವರಿಗೆ ಬೇಡ. ಎರಡನ್ನೂ ನಡೆಸಿಕೊಡುತ್ತೇವೆ.

ಸಂಗೀತ ಸಂಜೆಯ ಯೋಚನೆ ಬಂದದ್ದು ಹೀಗೆ. ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ಕಳೆದ ಬಾರಿ ಅಲ್ಲಿಗೆ ಹೋಗಿ ಬಂದ ನಮ್ಮೂರಿನ ಮೂವರು ಯುವಕರು ನಮ್ಮ ತಾಲೀಮಿನ ಗೋದಾಮನ್ನು ವಾರಕ್ಕೊಮ್ಮೆ ಬಾಡಿಗೆಗೆ ಕೇಳಿಕೊಂಡು ಬಂದರು. ಒಬ್ಬರು ಪಿಟೀಲು ಕಲಿತ ಎಂಜಿನಿಯರಿಂಗ್ ವಿದ್ಯಾರ್ಥಿ, ಒಬ್ಬರು ಗಿಟಾರ್ ನುಡಿಸುವವರು, ಮತ್ತೊಬ್ಬರಿಗೆ ಹಾಡಲು ಬರುತ್ತದೆ. ‘ಮೆರವಣಿಗೆಯಲ್ಲಿ ತಮಟೆ ಇತ್ತು, ಕುಣಿತ ಇತ್ತು. ಕುಳಿತು ನುಡಿಸಲು, ಕುಳಿತು ಕೇಳಲು ನಮ್ಮೂರಲ್ಲಿ ಒಂದು ಜಾಗ ಬೇಕು’ ಎಂದರು. ಬಾಡಿಗೆಯ ಮಾತು ಅಲ್ಲಿಗೇ ನಿಂತಿತು. ಹರಿಹರ, ಹರಪನಹಳ್ಳಿ, ಚಿತ್ರದುರ್ಗಗಳಿಂದ ಇನ್ನಷ್ಟು ಜನ ಬಂದು ಸೇರಿದರು. ಅವರಲ್ಲಿ ಇಬ್ಬರು ಚೌಡಿಕೆ ಎಂಬ ತಂತಿವಾದ್ಯ ಹಿಡಿದು ಬಂದ ಜೋಗತಿಯರು, ಎಂದರೆ ಎಲ್ಲಮ್ಮ ದೇವಿಗೆ ಮುಡಿಪಾಗಿ ಹೆಣ್ಣಾಗಿ ಬಾಳುವ ಮಂಗಳಮುಖಿಯರು.

‘ಇದೆಲ್ಲ ಹೊರದೇಶದ್ದು, ನಮಗೇಕೆ’ ಎಂದು ನಮ್ಮ ಹಳೆಯ ಗ್ರಾಹಕರೊಬ್ಬರು ಕೇಳಿದರು. ಬೇಸರದಿಂದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದರು. ಈ ಸಮುದಾಯದ ವಾದ್ಯವೃಂದಗಳು ಹೊರದೇಶದಲ್ಲಿ ಬೆಳೆದದ್ದು ಹೌದು. ಜಾನ್ ಸಿಮ್ಸ್ ಎಂಬ ಸಂಗೀತ ಶಿಕ್ಷಕರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಲಿಂಗಿಗಳ ಬ್ಯಾಂಡ್ ಕಟ್ಟಿ ಮೆರವಣಿಗೆಗೆ ಇಳಿಸಿದ್ದು 1978ರ ಜೂನ್‌ನಲ್ಲಿ. ಈ ಸಮುದಾಯದ ಗುರುತಾದ ಕಾಮನಬಿಲ್ಲಿನ ಬಾವುಟ ಮೊದಲು ಹಾರಿದ್ದೂ ಅದೇ ಮೆರವಣಿಗೆಯಲ್ಲಿ. ಲಂಡನ್ನಿನಲ್ಲಿ ಇಂಥದೇ ಒಂದು ಸಿಂಫನಿ ವಾದ್ಯವೃಂದ 1996ರಿಂದ ಇದೆ. ಆದರೆ ಕ್ಲಾರಿಯೊನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್‌ಗಳೂ ಹಡಗು ಹತ್ತಿ ಬಂದ ವಾದ್ಯಗಳೇ. ಪಲ್ಟಣದ ಬ್ಯಾಂಡಿನಿಂದ ಅರಮನೆಗೆ, ಅರಮನೆಯಿಂದ ನಮ್ಮ ದಿಬ್ಬಣಕ್ಕೆ ಬಂದವು. ವರನ ಕುದುರೆಯ ಮುಂದೆ ಅವನ್ನು ಊದುವಾಗ ಯಾರೂ ಅವುಗಳ ಊರು ಕೇಳಿಲ್ಲ.

ಇನ್ನು ಜನರ ವಿಷಯ. ಅವರು ಎಲ್ಲಿಂದಲೂ ಬಂದವರಲ್ಲ. ಎಲ್ಲಮ್ಮನ ಪರಂಪರೆಯಲ್ಲಿ ಜೋಗಪ್ಪ, ಜೋಗತಿಯರು ಕೊಡ ಹೊತ್ತು ಹಾಡಿದ್ದನ್ನು ಕೇಳದ ಊರು ನಮ್ಮ ಸೀಮೆಯಲ್ಲಿ ಇದೆಯೇ? 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮಂಜಮ್ಮ ಜೋಗತಿಯವರು, ಕೊಡ ಹೊತ್ತು ಕುಣಿಯುವ ತಂದೆ ಮಗನನ್ನು ಕಂಡು ಈ ಕಲೆಯತ್ತ ತಿರುಗಿದ್ದು ಇದೇ ದಾವಣಗೆರೆಯ ಬಸ್ ನಿಲ್ದಾಣದಲ್ಲಿ. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಚಿಂದೋಡಿ ಮನೆತನದ ನಾಟಕ ಕಂಪನಿಯ ಊರು ನಮ್ಮದು. ಸೀರೆಯುಟ್ಟು ಬಂದ ಗಂಡಸಿನ ಹಾಡಿಗೆ ‘ಒನ್ಸ್ ಮೋರ್’ ಕೂಗಿದ ಕಥೆಯನ್ನು ಕಂಪನಿ ನಾಟಕ ನೋಡಿದ ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಹಾಡನ್ನು ಒಪ್ಪಿದ ಊರು ಹಾಡಿದವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ ಎಂಬುದಷ್ಟೇ ನಮ್ಮ ಆಸೆ.

ಜುಲೈ 2ನ್ನೇ ಆರಿಸಿದ್ದಕ್ಕೂ ಕಾರಣವಿದೆ. 1999ರ ಜುಲೈ 2ರಂದು ಕೋಲ್ಕತ್ತದಲ್ಲಿ ಬೆರಳೆಣಿಕೆಯ ಜನ ಬೀದಿಗಿಳಿದು ನಡೆದರು, ಅದು ಈ ದೇಶದ ಮೊದಲ ಪ್ರೈಡ್ ನಡಿಗೆ. ಸರಿಯಾಗಿ ಹತ್ತು ವರ್ಷಕ್ಕೆ, 2009ರ ಜುಲೈ 2ರಂದು, ದೆಹಲಿ ಹೈಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಮಿನ ವಿರುದ್ಧ ಮೊದಲ ತೀರ್ಪು ಕೊಟ್ಟಿತು. 2013ರಲ್ಲಿ ಅದು ಬಿದ್ದುಹೋಗಿ, 2018ರಲ್ಲಿ ಮತ್ತೆ ನಿಂತದ್ದು ಮುಂದಿನ ಮಾತು. ಜೊತೆಗೆ ಈ ಸಲ ಆ ಹೊತ್ತಿಗೆ ಆಷಾಢ ಹಿಡಿದಿರುತ್ತದೆ. ಮುಹೂರ್ತಗಳಿಲ್ಲದ ಕಾಲವಾದ್ದರಿಂದ ನಿಮಗೂ ತೊಂದರೆಯಾಗದು, ನಮ್ಮ ವಾದ್ಯಗಳಿಗೂ ಬಿಡುವು.

‘ಪೊಲೀಸರ ಕಿರಿಕಿರಿ ಬರುವುದಿಲ್ಲವೇ’ ಎಂದು ಕೇಳಿದವರಿಗೆ ಒಂದು ಮಾತು. ತೃತೀಯ ಲಿಂಗದವರ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲಿಯೇ ಎತ್ತಿಹಿಡಿದಿದೆ. ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿಯನ್ನು ನಮ್ಮ ರಾಜ್ಯ 2021ರಲ್ಲಿ ಕೊಟ್ಟಿದೆ. ಸಂಗೀತ ಸಂಜೆಗೆ ಬೇಕಾದದ್ದು ಯಾವ ಕಾರ್ಯಕ್ರಮಕ್ಕೂ ಬೇಕಾದ ಧ್ವನಿವರ್ಧಕದ ಅನುಮತಿ. ರಾತ್ರಿ 10ರೊಳಗೆ ಮುಗಿಸುತ್ತೇವೆ.

ತಾಲೀಮಿನ ಒಂದು ಸಂಜೆಯನ್ನು ಇಲ್ಲಿ ಹೇಳದಿರಲಾರೆ. ಹಿಂದೆ ಹತ್ತಿ ಅಂಡಿಗೆ ಇಡುತ್ತಿದ್ದ, ತಗಡಿನ ಮಾಡಿನ ಗೋದಾಮು ಅದು. ಹರಪನಹಳ್ಳಿ ಕಡೆಯಿಂದ ಬಂದ ಜೋಗತಿ ಅಮ್ಮ ಚೌಡಿಕೆಯನ್ನು ಎಡ ಕಂಕುಳಲ್ಲಿ ಇರುಕಿಕೊಂಡು ಕುಳಿತರು. ಕೆಳಗೆ ಚರ್ಮ ಬಿಗಿದ ಮರದ ಕೊಳಗ, ಅದರೊಳಗಿಂದ ಎದ್ದು ಬರುವ ಒಂದೇ ತಂತಿ. ‘ಯಾವ ಶ್ರುತಿ ಅಮ್ಮ?’ ಎಂದು ಕೀಬೋರ್ಡ್‌ನವರು ಕೇಳಿದರು. ‘ನನ್ನ ಕೊರಳು ಇರುವ ಕಡೆ’ ಎಂದು ಅವರು ಹಾಡತೊಡಗಿದರು. ಕೀಬೋರ್ಡ್‌ನವರು ಒಂದು ಮನೆ ಒತ್ತಿದರೆ ತಗ್ಗು, ಪಕ್ಕದ ಮನೆ ಒತ್ತಿದರೆ ಹೆಚ್ಚು. ಅವರ ಷಡ್ಜ ಎರಡು ಮನೆಗಳ ನಡುವೆ ಇತ್ತು. ಕಾರ್ಯಕ್ರಮಕ್ಕೆ ಹೊಸದಾಗಿ ಬರುವ ಗಾಯಕರಿಗೆ ‘ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ’ ಎಂದು ಹೇಳುವುದು ನಮ್ಮ ವಾಡಿಕೆ. ಆ ದಿನ ಹೇಳಲಿಲ್ಲ. ಕೀಬೋರ್ಡಿನ ಶ್ರುತಿಯನ್ನು ಕೂದಲೆಳೆ ಕೂದಲೆಳೆಯಾಗಿ ಏರಿಸುತ್ತಾ ಹೋದರು. ಪಿಟೀಲಿನವರು ಬಿರಡೆ ತಿರುಗಿಸಿದರು, ತಬಲದವರು ಸುತ್ತಿಗೆ ಹಿಡಿದರು. ಕ್ಲಾರಿಯೊನೆಟ್‌ನವರು ಊದುಕೊಳವೆಯ ಜೋಡಣೆಯನ್ನು ಒಂದಿಷ್ಟು ಒಳಗೆ ಒತ್ತಿದರು. ಇಪ್ಪತ್ತು ನಿಮಿಷ ಹಿಡಿಯಿತು. ಅಮ್ಮ ಅಷ್ಟು ಹೊತ್ತೂ ನಿಲ್ಲಿಸದೆ ಅದೇ ಸಾಲನ್ನು ಹಾಡುತ್ತಿದ್ದರು. ಎಲ್ಲವೂ ಕೂಡಿದ ಗಳಿಗೆಯಲ್ಲಿ ಕಣ್ಣು ತೆರೆದು ಸುತ್ತ ನೋಡಿದರು, ಎರಡನೆಯ ಸಾಲಿಗೆ ಹೋದರು. ಇಪ್ಪತ್ತೈದು ವರ್ಷದಿಂದ ಆರ್ಕೆಸ್ಟ್ರಾ ನಡೆಸುತ್ತಿದ್ದೇನೆ, ಹಾಡುವವರ ಬಳಿಗೆ ಇಡೀ ತಂಡ ನಡೆದು ಹೋದದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಸಂಘದಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಒಪ್ಪಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಪ್ಪತ್ತೆರಡು ಸದಸ್ಯರಲ್ಲಿ ಐವರು ಕೈ ಎತ್ತಲಿಲ್ಲ. ಅವರಿಗಿದ್ದದ್ದು ದ್ವೇಷವಲ್ಲ, ಹೊಟ್ಟೆಪಾಡಿನ ಭಯ. ‘ಮದುವೆಯ ಸೀಸನ್ನಿನಲ್ಲಿ ನಾಲ್ಕು ಮನೆ ತಪ್ಪಿದರೆ ಮಕ್ಕಳ ಫೀಜು ಕಟ್ಟುವುದು ಹೇಗೆ’ ಎಂದು ರಿದಮ್ ಪ್ಯಾಡ್ ನುಡಿಸುವವರು ಕೇಳಿದ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ತಪ್ಪಿಹೋದ ಕಾರ್ಯಕ್ರಮಗಳ ನಷ್ಟವನ್ನು ಒಬ್ಬಿಬ್ಬರ ತಲೆಗೆ ಕಟ್ಟದೆ ಎಲ್ಲರೂ ಸಮನಾಗಿ ಹಂಚಿಕೊಳ್ಳುವುದೆಂದು ನಿರ್ಣಯ ಮಾಡಿದೆವು. ಆ ಐವರೂ ಈಗ ತಾಲೀಮಿಗೆ ಬರುತ್ತಿದ್ದಾರೆ.

ಆದ್ದರಿಂದ ಇನ್ನು ನಿಮ್ಮ ಮನೆಯ ಸಮಾರಂಭದಲ್ಲಿ ಏನು ಬದಲಾಗುತ್ತದೆ ಎಂದು ಕೇಳಿದರೆ, ಕೇಳುವ ಸಂಗೀತದಲ್ಲಿ ಏನೂ ಇಲ್ಲ. ದರ ಅದೇ, ಹಾಡುಗಳ ಆಯ್ಕೆ ನಿಮ್ಮದೇ. ನಮ್ಮ ಗಾಯಕಿ ಮಧ್ಯದ ಮೈಕಿನ ಮುಂದೆ ನಿಲ್ಲುತ್ತಾರೆ, ನಿರೂಪಕರು ಅವರ ಹೆಸರು ಹೇಳಿಯೇ ಹಾಡಿಗೆ ಕರೆಯುತ್ತಾರೆ. ಒಂದು ವಿನಂತಿ ಮಾತ್ರ. ಮಂಗಳಮುಖಿಯರ ಹರಕೆ ಒಳ್ಳೆಯದು ಎಂಬ ನಂಬಿಕೆಯಿಂದ ಹಾಡಿನ ನಡುವೆ ವೇದಿಕೆ ಹತ್ತಿ ನೋಟು ನಿವಾಳಿಸುವವರಿದ್ದಾರೆ. ಪ್ರೀತಿಯಿಂದಲೇ ಮಾಡುತ್ತೀರಿ, ನಮಗೆ ಗೊತ್ತು. ಆದರೆ ಅವರು ಅಲ್ಲಿಗೆ ಬಂದಿರುವುದು ಹಾಡಲು. ಅವರ ಸಂಭಾವನೆ ಉಳಿದವರಂತೆ ಸಂಘದಿಂದ ಸಂದಾಯವಾಗುತ್ತದೆ. ಮೆಚ್ಚುಗೆಯಿದ್ದರೆ ಚಪ್ಪಾಳೆ ತಟ್ಟಿ, ಊಟಕ್ಕೆ ಕೂರುವಾಗ ನಿಮ್ಮ ಪಂಕ್ತಿಯಲ್ಲೇ ಎಲೆ ಹಾಕಿಸಿ.

ಈ ನಿಯಮ ಒಗ್ಗದವರಿಗೆ ಪೂರ್ತಿ ಮುಂಗಡ ಹಿಂತಿರುಗಿಸುತ್ತೇವೆ. ಕಾರಣ ಕೇಳುವುದಿಲ್ಲ, ಕಡಿತ ಮಾಡುವುದಿಲ್ಲ. ರಸೀದಿ ತಂದರೆ ಅಂದೇ ಹಣ ಸಿಗುತ್ತದೆ. ರಸೀದಿ ಕಳೆದಿದ್ದರೂ ನಮ್ಮ ಪುಸ್ತಕದಲ್ಲಿ ಲೆಕ್ಕವಿದೆ. ಮುಂದೊಂದು ದಿನ ಮನಸ್ಸು ಬದಲಾಗಿ ಮತ್ತೆ ಕರೆದರೆ ಸಂತೋಷದಿಂದ ಬರುತ್ತೇವೆ.

ಜುಲೈ 2ರ ಸಂಜೆಗೆ ನಿಮ್ಮೆಲ್ಲರನ್ನೂ ಕರೆಯುತ್ತಿದ್ದೇವೆ. ನಾವು ಮೊದಲು ಕೇಳಿದ ಕಲ್ಯಾಣ ಮಂಟಪದವರು ಜಾಗ ಕೊಡಲಿಲ್ಲ, ಹಾಗಾಗಿ ಗೋದಾಮಿನಲ್ಲೇ ನಡೆಯುತ್ತದೆ. ಸಂಜೆ 6 ಗಂಟೆಗೆ ಶುರು. ಟಿಕೆಟ್ ಇಲ್ಲ. ಜೋಗತಿಯರ ಪದಗಳು, ರಂಗಗೀತೆಗಳು, ಹಳೆಯ ಚಿತ್ರಗೀತೆಗಳು, ಕೊನೆಗೆ ಮೋಹನ ರಾಗದಲ್ಲಿ ಎಲ್ಲ ವಾದ್ಯಗಳೂ ಸೇರಿ ನುಡಿಸುವ ಒಂದು ರಚನೆ ಇದೆ. ಹೆಸರು, ಮುಖ ಬಯಲಾಗುವುದು ಬೇಡವೆಂದವರು ತಂಡದಲ್ಲಿ ಇರುವುದರಿಂದ ಮೊಬೈಲನ್ನು ಬಾಗಿಲಲ್ಲಿ ಚೀಲಕ್ಕೆ ಹಾಕಿ ಬಿಲ್ಲೆ ತೆಗೆದುಕೊಳ್ಳಬೇಕು. ಇದನ್ನು ಯಾರಿಗೂ ಸಡಿಲಿಸುವುದಿಲ್ಲ, ದಯವಿಟ್ಟು ಬೇಸರಿಸಬೇಡಿ. ಮಳೆ ಬಂದರೆ ತಗಡಿನ ಸದ್ದಿಗೆ ಏನೂ ಕೇಳಿಸದು. ಆಗ ವಾದ್ಯ ಕೆಳಗಿಟ್ಟು ಕಾಯುತ್ತೇವೆ. ಮಂಡಕ್ಕಿ, ಮಿರ್ಚಿ, ಚಹಾದ ವ್ಯವಸ್ಥೆ ಇರುತ್ತದೆ.

ಸಂಘದ ಕಚೇರಿ ಸೋಮವಾರ ಬಿಟ್ಟು ಉಳಿದ ದಿನ ಬೆಳಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ತೆರೆದಿರುತ್ತದೆ. ಶ್ರಾವಣದ ತಾರೀಖುಗಳಿಗೆ ಈಗಿನಿಂದಲೇ ಹೆಸರು ಬರೆಸಬಹುದು. ಗಣೇಶನ ಹಬ್ಬದ ಐದು ಸಂಜೆಗಳಲ್ಲಿ ಮೂರು ಆಗಲೇ ತುಂಬಿವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ವಾದ್ಯ ಕಲಾವಿದರ ಸಹಕಾರ ಸಂಘದ ಪರವಾಗಿ